ದೊಡ್ಡಿಯಿಂದ ಏಳದವನು

"ಲೇ ಹುಡ್ಗ, ನಿಮ್ಮಪ್ಪನ್ನ ಯಾವಾಗ್ಲಾ ತಗೊಂಡೋಗದು? ಬೋಳಿಮಗ ಸತ್ತು ಮೂರ್ ವರ್ಸ ಆಯ್ತು, ಇನ್ನೂ ನನ್ ಜಾಗದಾಗೇ ಕುಂತವ್ನೆ."

ನನ್ನ ಬೆನ್ನ ಮೇಲೆ ಎಲೆಕೋಸಿನ ಮೂಟೆ ಇತ್ತು. ಅದನ್ನು ಲಾರಿಗೆ ಹಾಕಿ, ಬೆವರು ಒರೆಸಿಕೊಂಡು ತಿರುಗಿದೆ. ತರಕಾರಿ ಮಂಡಿಯ ಮುಂದೆ ಹಿಂಬದಿ ತೆರೆದ ಗಾಡಿ ನಿಂತಿತ್ತು. ಸ್ಟಿಯರಿಂಗ್ ಹಿಡಿದು ನಾಲ್ಗಣ್ಣ ಕೂತಿದ್ದ, ಪಕ್ಕದ ಸೀಟಿನಲ್ಲಿ ಅವನ ನಾಯಿ. ನನಗೂ ಅವನಿಗೂ ಒಂದೇ ವಯಸ್ಸು, ಇಬ್ಬರೂ ಐವತ್ತು ದಾಟಿದವರು. ಆದರೂ ನಾನು ಹುಡುಗ, ಅವನು ಧಣಿ. ಈ ಲೆಕ್ಕವನ್ನು ನಮ್ಮ ಕಡೆ ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ತಾನಾಗಿ ಬರುತ್ತದೆ.

ಅವನ ನಿಜವಾದ ಹೆಸರು ಗೆರ್ಟ್ ಮಾರೈಸ್. ಕನ್ನಡಕ ಹಾಕುತ್ತಾನೆಂದು ನಮ್ಮ ಕಣಿವೆಯವರು ನಾಲ್ಗಣ್ಣ ಎಂದು ಕರೆದರು. ಅವನಪ್ಪನನ್ನು ಚಾವಟಿ ಎನ್ನುತ್ತಿದ್ದರು. ಅದಕ್ಕೆ ಹೋಲಿಸಿದರೆ ಇದು ಮುದ್ದಿನ ಹೆಸರು. ಬಿಳಿಯನಾದರೂ ಜುಲು ಭಾಷೆಯನ್ನು ನಮ್ಮಷ್ಟೇ ಚೆನ್ನಾಗಿ ಆಡುತ್ತಾನೆ. ಆಡದೆ ಏನು, ನನ್ನ ಅಮ್ಮನ ಬೆನ್ನ ಮೇಲೆ ಬೆಳೆದವನು. ಅವರ ಮನೆಯಲ್ಲಿ ಅಮ್ಮ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಬಟ್ಟೆ ಒಗೆಯುತ್ತಿದ್ದಳು, ನಾನು ಅವಳ ಹಿಂದೆ ನಡೆಯುತ್ತಿದ್ದೆ. ಅವನ ಭಾಷೆ ನಮಗೊಂದು ಹೆಮ್ಮೆಯಾಗಿತ್ತು. ಬೇರೆ ಜಮೀನುಗಳಲ್ಲಿ ಧಣಿ ಏನು ಬೈದ ಎಂದೇ ತಿಳಿಯದೆ ಒದೆ ತಿನ್ನಬೇಕಿತ್ತು. ನಮಗೆ ಆ ಕಷ್ಟ ಇರಲಿಲ್ಲ. ಏಳು, ಹೊರು, ತೊಳಿ, ತೊಲಗು, ಎಲ್ಲ ಮಾತೂ ಅವನ ನಾಲಿಗೆಯ ತುದಿಯಲ್ಲೇ ಇದ್ದವು. ಕೂತ್ಕೋ, ಉಂಡೆಯಾ ಎನ್ನುವಂಥ ಮಾತುಗಳನ್ನು ಮಾತ್ರ ಅವನಿಗೆ ಯಾರೂ ಕಲಿಸಿರಲಿಲ್ಲ, ಪಾಪ.

"ನಮ್ಮಪ್ಪ ಪಟ್ಟಣದ ಸ್ಮಶಾನದಾಗವ್ನೆ ಧಣಿ," ಎಂದೆ. "ನೀವೇ ಅಲ್ವಾ ಕಳ್ಸಿದ್ದು."

"ಅದು ಹೆಣ ಕನ್ಲಾ. ನಾನ್ ಕೇಳ್ತಿರದು ಉಳ್ದಿದ್ದುನ್ನ."

ಲಾರಿಯ ಮೇಲಿದ್ದವರು ಕೆಲಸ ನಿಲ್ಲಿಸಿ ನೋಡಿದರು. ನಾನು ನಗಬೇಕೋ ಅಳಬೇಕೋ ತಿಳಿಯದೆ ಎಲೆಕೋಸು ಎಣಿಸುವವನ ಹಾಗೆ ನಿಂತೆ.

ನಾವು ಜೊಂಡಿ ಮನೆತನದವರು. ಆ ಗುಡ್ಡಕ್ಕೆ ನನ್ನ ಅಜ್ಜನ ಅಪ್ಪ ಬಂದಾಗ ಬೇಲಿ ಇರಲಿಲ್ಲ. ಆಮೇಲೆ ಬೇಲಿ ಬಂತು, ನಾವು ಅದರ ಒಳಗಿದ್ದೆವು. ಒಳಗಿದ್ದ ತಪ್ಪಿಗೆ ವರ್ಷದಲ್ಲಿ ಆರು ತಿಂಗಳು ಚಾವಟಿಯ ಜಮೀನಿನಲ್ಲಿ ಬಿಟ್ಟಿ ದುಡಿಯಬೇಕು, ಉಳಿದ ಆರು ತಿಂಗಳು ಎಲ್ಲಾದರೂ ದುಡಿದು ತಿನ್ನಬೇಕು ಎಂದಾಯಿತು. ಅದಕ್ಕೂ ಒಗ್ಗಿಕೊಂಡೆವು. ನಮ್ಮ ಹಟ್ಟಿಯಲ್ಲಿ ಆರು ದುಂಡು ಗುಡಿಸಲಿದ್ದವು, ನಡುವೆ ದನದ ದೊಡ್ಡಿ, ದೊಡ್ಡಿಯ ಮೇಲ್ಬದಿಗೆ ಹಿರಿಯರ ಗೋರಿಗಳು. ನನ್ನ ಅಪ್ಪ ದುಮೆಜ್ವೇನಿ ನನಗೆ ಮುಜಿವಾಖೆ ಎಂದು ಹೆಸರಿಟ್ಟ. ಅವನ ಹಟ್ಟಿ ಎಂದು ಅದರ ಅರ್ಥ. ಈಗ ಆ ಹೆಸರು ಹೇಳಿಕೊಳ್ಳಲು ನನಗೆ ನಾಚಿಕೆ.

ಚಾವಟಿ ಸತ್ತು ನಾಲ್ಗಣ್ಣ ಯಜಮಾನನಾದ ಮೇಲೆ ದನಕ್ಕಿಂತ ಜಿರಾಫೆ ಲಾಭ ಎಂದು ಅವನಿಗೆ ಯಾರೋ ಹೇಳಿಕೊಟ್ಟರು. ಜಿರಾಫೆಗಳು ಬಂದವು. ಜಿರಾಫೆಗೆ ನಿಶ್ಶಬ್ದ ಬೇಕು, ನಿಮ್ಮ ಮಕ್ಕಳು, ನಿಮ್ಮ ನಾಯಿ, ನಿಮ್ಮ ಹೊಗೆ ಅದಕ್ಕೆ ಆಗುವುದಿಲ್ಲ ಎಂದು ನಮ್ಮನ್ನು ಎಬ್ಬಿಸಿದ. ಆಗ ಸರ್ಕಾರ ನಮ್ಮದೇ ಆಗಿ ಎಷ್ಟೋ ವರ್ಷವಾಗಿತ್ತು. ಟ್ರ್ಯಾಕ್ಟರು ಮಾತ್ರ ಇನ್ನೂ ಅವನದೇ ಇತ್ತು. ಗುಡಿಸಲು ಕೆಡವುವ ದಿನ ನಾವು ಮಡಕೆ ಕುಡಿಕೆ ಸಾಗಿಸುತ್ತಿದ್ದೆವು. ಅಪ್ಪ ದೊಡ್ಡಿಯ ಬಾಗಿಲ ಕಂಬಕ್ಕೆ ಒರಗಿ ಕೂತ. ಏಳು ಅಪ್ಪಾ ಎಂದು ನಾನು ಮೂರು ಸಲ ಕರೆದೆ. ನಾಲ್ಕನೆಯ ಸಲ ಭುಜ ಮುಟ್ಟಿದಾಗ ಪಕ್ಕಕ್ಕೆ ವಾಲಿದ.

ಹಿರಿಯರ ಪಕ್ಕದಲ್ಲೇ ಮಣ್ಣು ಮಾಡುತ್ತೇವೆ ಎಂದು ಅಮ್ಮ ಕೈಮುಗಿದು ಬೇಡಿದಳು. ಇವತ್ತು ಗೋರಿ ಅಂತೀರಿ, ನಾಳೆ ಜಾಗ ಅಂತೀರಿ ಎಂದ ನಾಲ್ಗಣ್ಣ. ಬುದ್ಧಿವಂತ. ಅಪ್ಪನ ಹೆಣ ಮಡಕೆಗಳ ಜೊತೆ ಒಂದೇ ಲಾರಿಯಲ್ಲಿ ಪಟ್ಟಣಕ್ಕೆ ಹೋಯಿತು. ನಮ್ಮ ದುಂಡು ಗುಡಿಸಲುಗಳನ್ನು ಕೊಳಕು ಎಂದು ಕೆಡವಿದ ಜಾಗದಲ್ಲೇ ಮರುವರ್ಷ ಆರು ದುಂಡು ಗುಡಿಸಲು ಎದ್ದವು. ಅದೇ ಹುಲ್ಲಿನ ಮಾಡು, ಅದೇ ಮಣ್ಣಿನ ಬಣ್ಣ, ಒಳಗೆ ಬಿಸಿನೀರಿನ ತೊಟ್ಟಿ. ರಸ್ತೆಗೆ ಜುಲು ಹಟ್ಟಿ ಎಂದು ಫಲಕ ಹಾಕಿದ. ದೂರ ದೂರದ ದೇಶದವರು ಬಂದು ಅದರಲ್ಲಿ ಮಲಗುತ್ತಾರಂತೆ. ದೊಡ್ಡಿ ಇದ್ದಲ್ಲಿ ಅತಿಥಿಗಳ ಊಟದ ಹಾಲ್ ಕಟ್ಟಿದ, ಗೋರಿಗಳಿದ್ದಲ್ಲಿ ಹುಲ್ಲುಹಾಸು ಮಾಡಿದ.

ಜಮೀನು ಕಚೇರಿಯಿಂದ ಒಬ್ಬ ಅಧಿಕಾರಿ ನಮ್ಮ ಜಾಗದ ಅರ್ಜಿಯ ವಿಚಾರಣೆಗೆ ಬಂದಿದ್ದ, ನಮ್ಮವನೇ, ಹೊಳೆಯುವ ಬೂಟಿನವನು. ಇಲ್ಲಿ ಯಾರೂ ಬಾಳಿದ್ದೇ ಇಲ್ಲ, ಕೂಲಿಗೆ ಬಂದವರು ನಾಲ್ಕು ದಿನ ಮಲಗಿ ಎದ್ದು ಹೋಗುತ್ತಿದ್ದರು ಎಂದು ನಾಲ್ಗಣ್ಣ ಅವನಿಗೆ ಹೇಳಿದ. ನಿಮ್ಮ ಕಡೆ ಗುರುತು ಏನಿದೆ ಎಂದು ಅಧಿಕಾರಿ ನನ್ನನ್ನು ಕೇಳಿದ. ಹುಲ್ಲುಹಾಸು ತೋರಿಸಿದೆ. ಚೆನ್ನಾಗಿ ಬೆಳೆಸಿದ್ದಾರೆ ಎಂದು ಮೆಚ್ಚಿಕೊಂಡು, ಊಟ ಮಾಡಿಕೊಂಡು ಹೋದ.

ಸರ್ಕಾರ ಬಡಾವಣೆಯಲ್ಲಿ ಕೊಟ್ಟ ಬೆಂಕಿಪೊಟ್ಟಣದಂಥ ಮನೆಗೆ ನಾವು ಬಂದೆವು. ಬಂದ ತಿಂಗಳಲ್ಲೇ ಅಮ್ಮ ಮನೆಯ ಹಿಂದೆ ಮಣ್ಣು ಕಲಸಿ ಒಂದು ದುಂಡು ಗುಡಿಸಲು ಕಟ್ಟಿಸಿದಳು. ನಾಲ್ಕು ಮೂಲೆಯ ಮನೆಯಲ್ಲಿ ನಿಮ್ಮಪ್ಪ ಕೂರುವವನಲ್ಲ ಎಂದಳು. ಗುಡಿಸಲಿನ ಹಿಂಬದಿಯಲ್ಲಿ, ಹಿರಿಯರಿಗೆಂದು ಬಿಡುವ ಜಾಗವನ್ನು ಸೆಗಣಿ ಹಾಕಿ ಸಾರಿಸಿದಳು. ಹೆಣವನ್ನು ಎಲ್ಲಿ ಹೂತರೂ, ಮನೆಯವರು ಬಂದು ಕರೆಯುವವರೆಗೆ ಸತ್ತವನ ಜೀವ ಸತ್ತ ಜಾಗದಲ್ಲೇ ಕೂತಿರುತ್ತದೆ. ಇನ್ನು ಅಪ್ಪನನ್ನು ಕರೆದು ತರುವುದೊಂದೇ ಬಾಕಿ ಇತ್ತು.

ಕರೆತರುವುದು ಕಷ್ಟದ ಕೆಲಸವೇನಲ್ಲ. ಮಗನಾದವನು ಎಲಚಿ ಜಾತಿಯ ಮುಳ್ಳುಕೊಂಬೆ ಹಿಡಿದು ಸತ್ತ ಜಾಗಕ್ಕೆ ಹೋಗುತ್ತಾನೆ. ಮನೆತನದ ಬಿರುದು ಹೇಳಿ, ಏಳು ಅಪ್ಪಾ, ಮನೆಗೆ ಹೋಗೋಣ ಎನ್ನುತ್ತಾನೆ. ಅಲ್ಲಿಂದ ದಾರಿಯುದ್ದಕ್ಕೂ, ಈಗ ಹೊಳೆ ದಾಟುತ್ತಿದ್ದೇವೆ, ಈಗ ವ್ಯಾನು ಹತ್ತುತ್ತಿದ್ದೇವೆ ಎಂದು ಹೇಳುತ್ತಾ ಬರಬೇಕು. ವ್ಯಾನಿನಲ್ಲಿ ಅವನಿಗೂ ಒಂದು ಸೀಟು ಹಿಡಿಯಬೇಕು. ಒಂದೇ ಕಟ್ಟಳೆ. ಕೊಂಬೆ ಕೈಗೆ ಬಂದ ಮೇಲೆ ಮನೆ ಮುಟ್ಟುವವರೆಗೆ ಸತ್ತವನೊಬ್ಬನೊಡನೆ ಮಾತು, ಬದುಕಿರುವವರೊಡನೆ ತುಟಿ ಬಿಚ್ಚುವಂತಿಲ್ಲ.

ಮೊದಲ ವರ್ಷವೇ ಹೋಗಿದ್ದೆ. ಗೇಟಿನ ಕಾವಲುಗಾರ ಫಾಖತಿ ನನ್ನ ಕೈಯ ಕೊಂಬೆ ನೋಡಿದವನೇ ಟೊಪ್ಪಿಗೆ ತೆಗೆದು ಪಕ್ಕಕ್ಕೆ ಸರಿದ. ಅಷ್ಟರಲ್ಲಿ ನಾಲ್ಗಣ್ಣನ ಗಾಡಿ ಬಂತು.

"ಯಾವನ್ಲಾ ನೀನು? ಹೆಸ್ರೇನು?"

ನನ್ನ ಹೆಸರು ಅವನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಒಟ್ಟಿಗೆ ಹಕ್ಕಿ ಹೊಡೆದು ಸುಟ್ಟು ತಿಂದಿದ್ದೆವು. ನಾನು ನೆಲ ನೋಡುತ್ತಾ ನಿಂತೆ.

"ಬಾಯಾಗೇನ್ ಇಟ್ಕೊಂಡಿದಿಯಾ, ಸೂಳೆಮಗನೆ? ಧಣಿ ಕೇಳ್ತಾವ್ನೆ, ಮಾತಾಡಕ್ಕಾಗಕ್ಕಿಲ್ವಾ?"

ಫಾಖತಿ ನಡುವೆ ಬಾಯಿ ಹಾಕಿ, ಅವನು ಮಾತಾಡೋ ಹಾಗಿಲ್ಲ ಧಣಿ, ಪದ್ಧತಿ ಎಂದ. ಪದ್ಧತಿ ನನಗೆ ಹೇಳಿಕೊಡಬೇಡ ಎಂದು ಅವನಿಗೂ ಒಂದು ಬಿತ್ತು. ನನಗೆ ಬಿದ್ದದ್ದನ್ನು ನಾನು ಎಣಿಸಲಿಲ್ಲ. ನೋವಾದಾಗ ಅಮ್ಮಾ ಎನ್ನುವುದಕ್ಕೂ ನನಗೆ ಅನುಮತಿ ಇರಲಿಲ್ಲ. ಅವನು ಕೊಂಬೆ ಕಿತ್ತು ಬೂಟುಗಾಲಿನಲ್ಲಿ ತುಳಿದಾಗ ಮುಳ್ಳು ಬೂಟಿಗೆ ಹತ್ತಿಕೊಂಡಿತು. ಅದನ್ನು ಬಿಡಿಸಲು ಫಾಖತಿಯೇ ಕುಕ್ಕರಗಾಲಲ್ಲಿ ಕೂರಬೇಕಾಯಿತು. ನಮ್ಮ ಭಾಷೆಯಲ್ಲಿ ನಾಲ್ಗಣ್ಣನಿಗೆ ಬಾರದ ಭಾಗ ಅದೊಂದೇ, ನಾವು ಯಾವಾಗ ಸುಮ್ಮನಿರುತ್ತೇವೆ ಎನ್ನುವುದು.

ಅವತ್ತು ಬರಿಗೈಯಲ್ಲಿ ಬಂದೆ. ಅಮ್ಮ ಗಾಯಕ್ಕೆ ಎಣ್ಣೆ ಹಚ್ಚಿದಳು. ಸಾರಿಸಿದ ನೆಲವನ್ನು ವಾರಕ್ಕೊಮ್ಮೆ ಮತ್ತೆ ಸಾರಿಸುತ್ತಾ ಬಂದಳು. ರಾತ್ರಿ ತಟ್ಟೆಯಲ್ಲಿ ಒಂದು ತುತ್ತು ಬಿಟ್ಟು ಏಳುತ್ತಿದ್ದಳು. ದಾರಿ ತಪ್ಪಿದ ಮಗುವಿಗೆ ಕಾಯುವ ಹಾಗೆ ಗಂಡನಿಗೆ ಕಾಯುತ್ತಿದ್ದಳು. 

ಈಗ ಅದೇ ನಾಲ್ಗಣ್ಣ ಮಂಡಿಗೇ ಬಂದು ಅಪ್ಪನನ್ನು ಕರೆದೊಯ್ಯಿ ಎನ್ನುತ್ತಿದ್ದ. ಏನಾಗಿದೆ ಎಂದು ನನಗೆ ಹೇಳಿದವಳು ಅವನ ಅಡುಗೆಯವಳು ಮಾಖೋಜಾ. ನಮ್ಮ ಪಕ್ಕದ ಬೀದಿಯವಳು, ಅವಳ ಬಾಯಿಗೆ ಬೀಗವಿಲ್ಲ. ಊಟದ ಹಾಲ್‌ನಲ್ಲಿ ಕೆಲಸ ಮಾಡುವ ಹೆಂಗಸರೆಲ್ಲರಿಗೂ ಅದು ಜೊಂಡಿಯರ ದೊಡ್ಡಿ ಎಂದು ಗೊತ್ತು, ಮುದುಕ ಇನ್ನೂ ಏಳಲಿಲ್ಲವೆಂದೂ ಗೊತ್ತು. ಹೀಗಿರುವಾಗ ಮದುವೆಯಾದ ಹೆಂಗಸು ಮೈಮೇಲೆ ಪ್ರಜ್ಞೆ ಇರುವಾಗ ದೊಡ್ಡಿಯ ನಡುವೆ ಹಾಯುವುದುಂಟೇ? ತಲೆಗೆ ಬಟ್ಟೆ ಕಟ್ಟಿ, ಸಾರಿನ ಬಟ್ಟಲು ಹಿಡಿದು, ಗೋಡೆಯನ್ನು ಸವರಿಕೊಂಡು ಸುತ್ತಿ ಹೋಗುತ್ತಾರೆ. ಮೇಜು ಮುಟ್ಟುವಷ್ಟರಲ್ಲಿ ಸಾರು ತಣ್ಣಗೆ. ಗಂಡಸರು ಬಾಗಿಲಲ್ಲಿ ಬೂಟು ಬಿಚ್ಚುತ್ತಾರೆ. ಜರ್ಮನಿಯ ಅತಿಥಿಯೊಬ್ಬ ಅದನ್ನು ನೋಡಿ ತಾನೂ ಬೂಟು ಬಿಚ್ಚಿದನಂತೆ. ಇನ್ನೊಬ್ಬಳು ಇಲ್ಲಿ ಯಾರು ಸತ್ತರು ಎಂದು ಕೇಳಿ ತಿಳಿದುಕೊಂಡು, ದುಡ್ಡು ವಾಪಸು ಇಸಿದುಕೊಂಡು ಹೋದಳಂತೆ.

ನಾಲ್ಗಣ್ಣ ಪಟ್ಟಣದಿಂದ ಪಾದ್ರಿಯನ್ನು ಕರೆಸಿದ. ಪಾದ್ರಿ ನೀರು ಚಿಮುಕಿಸಿ ಗಂಟೆಗಟ್ಟಲೆ ಇಂಗ್ಲಿಷಿನಲ್ಲಿ ಪ್ರಾರ್ಥನೆ ಮಾಡಿದ. ದುಮೆಜ್ವೇನಿ ಮುದುಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಲ್ಲ ಧಣಿ ಎಂದು ಮಾಖೋಜಾ ನೆನಪಿಸಿದಳು. ಅದೂ ಹೌದೆನ್ನಿಸಿ, ಮರುದಿನ ಬೆಳಿಗ್ಗೆ ನಾಲ್ಗಣ್ಣನೇ ಹಾಲ್‌ನ ನಡುವೆ ನಿಂತು ಶುದ್ಧ ಜುಲುವಿನಲ್ಲಿ, ತೊಲಗು ದುಮೆಜ್ವೇನಿ ಎಂದು ಕೂಗಿದನಂತೆ.

"ನಾನಂದೆ," ಎಂದಳು ಮಾಖೋಜಾ, "ಧಣಿ, ಈ ಮಾತ ಅವ್ನು ಬದುಕಿದ್ದಾಗ್ಲೇ ಬೇಕಾದಷ್ಟು ಕೇಳವ್ನೆ. ಆಗ್ಲೇ ಹೋಗ್ನಿಲ್ಲ. ಈಗ ಹೋದಾನಾ? ಮಗ ಬಂದು ಕರುದ್ರೆ ಹೋದಾನು ಅಂದೆ."

ಹೀಗೆ ನನಗೆ ಕರೆ ಬಂತು. ಶನಿವಾರ ಮಧ್ಯಾಹ್ನ ಎಂದು ಗೊತ್ತಾಯಿತು. ಆ ಹೊತ್ತಿಗೆ ಅತಿಥಿಗಳೂ ಇರುತ್ತಾರೆ, ಅವರಿಗೂ ನಮ್ಮ ಸಂಸ್ಕೃತಿ ನೋಡಿದ ಹಾಗಾಗುತ್ತದೆ ಎಂದು ನಾಲ್ಗಣ್ಣನ ಲೆಕ್ಕ. ಭೂತ ಬಿಡಿಸುವುದರಲ್ಲೂ ನಷ್ಟ ಮಾಡಿಕೊಳ್ಳುವವನಲ್ಲ. ಹೋಗುವಾಗ ತನ್ನ ಗಾಡಿಯಲ್ಲೇ ಬಿಡುತ್ತೇನೆ, ನಿಮ್ಮಪ್ಪ ಮುಂದಿನ ಸೀಟಿನಲ್ಲಿ ಕೂರಲಿ, ನಾಯಿಯನ್ನು ಹಿಂದೆ ಹಾಕುತ್ತೇನೆ ಎಂದ. ಅಪ್ಪ ಅರವತ್ತು ವರ್ಷ ಆ ಮನೆಯ ಗಾಡಿಗಳ ಹಿಂಬದಿಯಲ್ಲಿ ಗಾಳಿಗೆ ಮುಖ ಕೊಟ್ಟು ನಿಂತು ಓಡಾಡಿದವನು. ಮುಂದಿನ ಸೀಟು ಹತ್ತುವುದಕ್ಕೆ ಅವನು ಸಾಯಬೇಕಾಯಿತು.

ಸುದ್ದಿ ಹೇಳಿದಾಗ ಅಮ್ಮ ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಿದಳು. ಅಷ್ಟು ಸಂತೋಷವನ್ನು ಆ ಮುಖದಲ್ಲಿ ನಾನು ಕಂಡು ವರ್ಷಗಳೇ ಆಗಿದ್ದವು. ಅಂದೇ ಜೋಳ ನೆನೆಹಾಕಿ ಹೆಂಡಕ್ಕೆ ಇಟ್ಟಳು. ಶುಕ್ರವಾರ ಬಿಳಿಯ ಮೇಕೆ ತಂದು ಗುಡಿಸಲ ಮುಂದೆ ಕಟ್ಟಿದಳು. ಮನೆಗೆ ಬಂದವನಿಗೆ ಮೇಕೆ ಕುಯ್ದರೆ ಬಂದದ್ದು ಲೆಕ್ಕಕ್ಕೆ.

"ದಾರೀಲಿ ಹುಷಾರು ಮಗ," ಎಂದಳು. "ಅವ್ನು ಮುಂಗೋಪಿ. ಗಾಡಿನಾಗೆ ಕಿಟ್ಕಿ ಪಕ್ಕ ಕೂರ್ಸು."

ಶನಿವಾರ ಹೋದೆ. ಹಾಲ್‌ನ ಗೋಡೆಗಳ ಮೇಲೆ ಕಾಡೆಮ್ಮೆ, ಜಿಂಕೆ ಎಲ್ಲದರ ತಲೆಗಳಿದ್ದವು. ಉದ್ದನೆಯ ಮೇಜಿನ ಸುತ್ತ ಹದಿನೈದಿಪ್ಪತ್ತು ಬಿಳಿಯ ಅತಿಥಿಗಳು ಗಾಜಿನ ಲೋಟ ಹಿಡಿದು ಕಾಯುತ್ತಿದ್ದರು. ಬಾಗಿಲಲ್ಲೇ ನಾಲ್ಗಣ್ಣ ನನಗೆ ಒಂದು ಗಂಟು ಕೊಟ್ಟ. ಬಿಚ್ಚಿದರೆ ಚಿರತೆಯ ಚುಕ್ಕೆ ಅಚ್ಚೊತ್ತಿದ ಬಟ್ಟೆ, ಬಾಲ ಬೇರೆ.

"ಇದುನ್ನ ಉಟ್ಕೊಳ್ಳಾ."

ಅಪ್ಪ ನನ್ನನ್ನು ಕಂಡದ್ದೆಲ್ಲ ಈ ಕೂಲಿಯ ನೀಲಿ ಬಟ್ಟೆಯಲ್ಲೇ ಧಣಿ, ಚಿರತೆ ಉಟ್ಟುಕೊಂಡು ಬಂದರೆ ಇವನ್ಯಾರೋ ಎಂದು ಎದ್ದು ಬಾರದೆ ಹೋದಾನು ಎಂದೆ. ಅವನಿಗೆ ಸಿಟ್ಟು ಬಂತು, ಆದರೆ ಅಪ್ಪ ಏಳದೆ ಹೋದರೆ ಎಂಬ ಭಯ ಅದಕ್ಕಿಂತ ದೊಡ್ಡದು. ಗಂಟು ಪಕ್ಕಕ್ಕೆ ಹೋಯಿತು.

ಆ ಭಯ ಕಂಡಾಗ ನನಗೆ ಅದು ಹೊಳೆಯಿತು. ಮೊದಲೇ ಯೋಚಿಸಿ ಹೋದದ್ದಲ್ಲ, ಅಲ್ಲೇ ನಿಂತು ಹುಟ್ಟಿಸಿದ್ದು.

"ಕೊಂಬೆ ಹಿಡಿಯಕ್ಕೆ ಮುಂಚೆ ಒಂದ್ ಕೆಲ್ಸ ಐತೆ ಧಣಿ. ಜಾಗದ ಯಜಮಾನ ಎಲ್ರು ಮುಂದೆ ನಿಂತ್ಕಂಡು ಹೇಳ್ಬೇಕು. ಇಲ್ಲಿ ಯಾರ್ ಬಾಳುದ್ರು, ದೊಡ್ಡಿ ಎಲ್ಲಿತ್ತು, ಗೋರಿ ಎಲ್ಲಿ ಅವೆ ಅಂತ. ಯಜಮಾನ ಒಪ್ದಲೆ ಸತ್ತೋನು ಏಳಕ್ಕಿಲ್ಲ."

ನಾಲ್ಗಣ್ಣ ಕಣ್ಣು ಕಿರಿದು ಮಾಡಿದ. ಗೋಡೆ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದ ಮಾಖೋಜಾ, "ಅಯ್ಯೋ ಹೌದು ಧಣಿ, ಅದಿಲ್ದೆ ಆಗಕ್ಕಿಲ್ಲ, ನಮ್ ಮಾವನ್ನ ಕರ್ಯಕ್ಕೋದಾಗ್ಲೂ ಹಿಂಗೇ," ಎಂದಳು. ಅವಳ ಮಾವ ಇನ್ನೂ ಬದುಕಿದ್ದಾನೆ. ವಾರಕ್ಕೊಮ್ಮೆ ಕುಡಿದು ನಮ್ಮ ಬೀದಿಯಲ್ಲೇ ಬೀಳುತ್ತಾನೆ.

"ಗೊತ್ತು ಕನ್ಲಾ," ಎಂದ ನಾಲ್ಗಣ್ಣ. "ನಿಮ್ ಪದ್ಧತಿ ನೀನು ನನಗ್ ಹೇಳ್ಕೊಡ್ತೀಯ?"

ಅವನು ಮೇಜಿನ ತುದಿಗೆ ಹೋಗಿ ನಿಂತ. ಮೊದಲು ನಮ್ಮ ಭಾಷೆಯಲ್ಲಿ, ಆಮೇಲೆ ಅತಿಥಿಗಳಿಗೆ ಅವರ ಭಾಷೆಯಲ್ಲಿ, ಒಂದೊಂದನ್ನೂ ಬಿಡಿಸಿ ಹೇಳಿದ. ಇದು ಜೊಂಡಿಯರ ಹಟ್ಟಿ, ನಮ್ಮ ಬೇಲಿ ಬರುವ ಮುಂಚಿನಿಂದಲೂ ಅವರು ಇಲ್ಲೇ ಬಾಳಿದವರು. ನೀವು ಊಟಕ್ಕೆ ಕೂತಿರುವುದು ಅವರ ದನದ ದೊಡ್ಡಿಯಲ್ಲಿ. ಬಾಗಿಲ ಕಂಬ ಇದ್ದದ್ದು ಇಲ್ಲಿ, ನನ್ನ ಕಾಲ ಬಳಿ. ಆ ಹುಲ್ಲುಹಾಸಿನ ಕೆಳಗೆ ಇವನ ಅಜ್ಜ, ಅಜ್ಜಿ, ಅಜ್ಜನ ಅಪ್ಪ. ಹೇಳುತ್ತಾ ಹೇಳುತ್ತಾ ಅವನಿಗೇ ಹುರುಪು ಬಂತು. ಒಂದು ಗೋರಿಯ ಕಲ್ಲಿನ ಮೇಲೆ ಕೂತು ಚಿಕ್ಕಂದಿನಲ್ಲಿ ಜೋಳ ತಿಂದದ್ದನ್ನೂ ಹೇಳಿದ. ಅತಿಥಿಗಳೆಲ್ಲ ಫೋನು ಎತ್ತಿ ಹಿಡಿದಿದ್ದರು. ಮಾಖೋಜಾ ಕೂಡ ತಟ್ಟೆಯನ್ನು ಒಂದು ಕೈಗೆ ಬದಲಾಯಿಸಿ ಇನ್ನೊಂದರಲ್ಲಿ ತನ್ನ ಫೋನು ಹಿಡಿದಳು. ಜಮೀನು ಕಚೇರಿಯವನ ಮುಂದೆ ಸತ್ತುಹೋಗಿದ್ದ ನಮ್ಮ ಹಟ್ಟಿಯನ್ನು ನಾಲ್ಗಣ್ಣ ಎರಡು ಭಾಷೆಯಲ್ಲಿ ಎಬ್ಬಿಸಿ ಕೂರಿಸಿದ.

ಅಲ್ಲಿಯವರೆಗೆ ನಾನು ಅಪ್ಪನನ್ನು ಕರೆದೊಯ್ಯಲೆಂದೇ ಬಂದಿದ್ದೆ. ಅವನ ಮುಂದೆ ಈ ಮಾತು ಹೊರಬರಲಿ, ಮರ್ಯಾದೆಯಿಂದ ಎದ್ದು ಬರಲಿ ಎಂದಷ್ಟೇ ನನ್ನ ಆಸೆ. ಬೂಟು ಬಿಚ್ಚಿದೆ. ಕೊಂಬೆ ಕೈಗೆತ್ತಿಕೊಂಡೆ. ಇನ್ನು ನನಗೆ ಅಲ್ಲಿ ಅಪ್ಪನೊಬ್ಬನೇ. ಕಂಬ ಇದ್ದ ಜಾಗಕ್ಕೆ ಹೋಗಿ ಮಂಡಿಯೂರಿದೆ.

"ನೊಂಡಾಬಾ," ಎಂದು ಮನೆತನದ ಬಿರುದು ಹೇಳಿದೆ. "ಗಗಾಶೆ. ಅಪ್ಪಾ, ನಾನು ಮುಜಿವಾಖೆ."

ಏಳು, ಮನೆಗೆ ಹೋಗೋಣ ಎನ್ನಬೇಕಿತ್ತು. ಬಾಯಿ ಬರಲಿಲ್ಲ. ಯಾವ ಮನೆಗೆ? ಅವನು ಕೂತದ್ದು ಅವನ ಬಾಗಿಲಲ್ಲಿ. ಹಿಂದೆ ಅವನ ಅಪ್ಪ, ಅವನ ಅಜ್ಜ. ಅವರನ್ನು ಹುಲ್ಲಿನ ಕೆಳಗೆ ಬಿಟ್ಟು, ಇವನನ್ನು ನಾಯಿಯ ಸೀಟಿನಲ್ಲಿ ಕೂರಿಸಿಕೊಂಡು ಹೋದರೆ, ನಾಲ್ಗಣ್ಣ ಅವತ್ತು ಟ್ರ್ಯಾಕ್ಟರಿನಲ್ಲಿ ಪೂರ್ತಿ ಮಾಡಲಾಗದ್ದನ್ನು ನಾನು ಒಂದು ಕೊಂಬೆಯಲ್ಲಿ ಮಾಡಿಕೊಟ್ಟ ಹಾಗಾಗುತ್ತಿತ್ತು. ಗುಡಿಸಲ ಮುಂದೆ ಕಾಯುತ್ತಿದ್ದ ಅಮ್ಮ ಕಣ್ಣ ಮುಂದೆ ಬಂದಳು. 

"ಕೇಳುದ್ಯಾ ಅಪ್ಪಾ?" ಎಂದೆ. "ಧಣಿ ಒಪ್ಕೊಂಡ. ಎಲ್ರು ಮುಂದೇ ಒಪ್ಕೊಂಡ. ಇದು ನಿನ್ ದೊಡ್ಡಿ, ಇದು ನಿನ್ ಹಟ್ಟಿ. ಮನೇಲಿ ಕುಂತಿರೋನ್ನ ಮನೆಗ್ ಬಾ ಅಂತ ಎಂಗ್ ಕರೀಲಿ? ನೀನು ಏಳ್ಬ್ಯಾಡ. ಇಲ್ಲೇ ಕುಂತಿರು. ನಾವೇ ಬತ್ತೀವಿ."

ಎರಡು ಚಪ್ಪಡಿ ಕಲ್ಲುಗಳ ನಡುವಿನ ಸಂದಿನಲ್ಲಿ ಕೊಂಬೆಯ ಬುಡ ಊರಿ, ಅಲುಗಾಡದಂತೆ ಒತ್ತಿ ನಿಲ್ಲಿಸಿದೆ.

ಅತಿಥಿಗಳು ಚಪ್ಪಾಳೆ ತಟ್ಟಿದರು. ಒಬ್ಬಳು ಕಣ್ಣು ಒರೆಸಿಕೊಂಡಳು. ನಾಲ್ಗಣ್ಣನೂ ಅವರತ್ತ ತಿರುಗಿ ಹಲ್ಲು ಕಾಣುವಂತೆ ನಗುತ್ತಿದ್ದ, ಬಾಯಲ್ಲಿ ಮಾತ್ರ ನಮ್ಮ ಭಾಷೆ.

"ಎತ್ಕಳ್ಳಾ ಅದುನ್ನ, ಬಡ್ಡಿಮಗನೆ. ನಿನ್ ಚರ್ಮ ಸುಲ್ದು ಈ ಗೋಡೆಗೆ ತಗಲಾಕ್ತೀನಿ. ಎತ್ಕಳ್ಳಾ."

ಆ ಮಾತು ಅವನು ಎಷ್ಟು ಸಿಹಿಯಾದ ಮುಖದಲ್ಲಿ ಹೇಳಿದನೆಂದರೆ ಅತಿಥಿಗಳು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ನಾನು ಹೊರಟೆ. ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿರುವಾಗ, ನೀನಾದರೂ ಕೀಳು ಎಂದು ಅವನು ಮಾಖೋಜಾಗೆ ಹೇಳುತ್ತಿದ್ದ. ದೊಡ್ಡಿ ನಡುವೆ ನಾನು ಹೇಗೆ ಹೋಗಲಿ ಧಣಿ, ಹೆಂಗಸು ಎಂದು ಅವಳು ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಬಡಿಸುವ ಗಂಡಸರು ಒಬ್ಬರ ಹಿಂದೆ ಒಬ್ಬರು ಅಡುಗೆಮನೆಗೆ ಜಾರಿದರು. ಗಾಡಿಯ ಮುಂದಿನ ಸೀಟಿಗೆ ನಾಯಿ ಮತ್ತೆ ಬಂದು ಕೂತಿತ್ತು. ನಾನು ಟಾರು ರಸ್ತೆಯವರೆಗೆ ನಡೆದು ವ್ಯಾನು ಹಿಡಿದೆ. ಒಬ್ಬನೇ ಕೂತೆ.

ಬಡಾವಣೆಯಲ್ಲಿ ನಮ್ಮ ಬೀದಿಯವರೆಲ್ಲ ಸೇರಿದ್ದರು. ಗುಡಿಸಲಿನೊಳಗೆ ಧೂಪದ ಸೊಪ್ಪು ಹೊಗೆಯಾಡುತ್ತಿತ್ತು. ನೊರೆ ಬಂದ ಹೆಂಡದ ಮಡಕೆ ಇಟ್ಟುಕೊಂಡು, ಬಾಗಿಲ ಪಕ್ಕದ ಚಾಪೆಯ ಮೇಲೆ ಅಮ್ಮ ಕಾಲು ಮಡಚಿ ಕೂತಿದ್ದಳು. ನನ್ನ ಕೈ ನೋಡಿದಳು. ಕೊಂಬೆ ಇರಲಿಲ್ಲ. ಯಾರೋ ಹೆಂಗಸು ಅಯ್ಯೋ ಎಂದು ಬಾಯಿ ಮುಚ್ಚಿಕೊಂಡಳು.

"ಮತ್ತೆ ಹೊಡುದ್ರಾ?" ಎಂದು ಕೇಳಿದಳು ಅಮ್ಮ.

ಇಲ್ಲವೆಂದೆ. ನಡೆದದ್ದನ್ನೆಲ್ಲ ಹೇಳಿದೆ. ನಾಲ್ಗಣ್ಣ ಏನು ಒಪ್ಪಿಕೊಂಡ, ನಾನು ಅಪ್ಪನಿಗೆ ಏನು ಹೇಳಿದೆ ಎಲ್ಲವನ್ನೂ.  ಅಲ್ಲಿ ಗಂಡಸುತನ ಎನ್ನಿಸಿದ್ದು ಇಲ್ಲಿ, ಈ ಮುದುಕಿಯ ಮುಂದೆ, ಅವಳ ಬಾಯಿಂದ ತುತ್ತು ಕಿತ್ತುಕೊಂಡ ಹಾಗೆ ಅನ್ನಿಸುತ್ತಿತ್ತು. ಮೂರು ವರ್ಷ ಆ ನೆಲವನ್ನು ಸಾರಿಸಿದ್ದಳು. ನನ್ನನ್ನು ಬೈದಿದ್ದರೆ, ಹೊಡೆದಿದ್ದರೆ ತಲೆಬಾಗಿ ತಿನ್ನುತ್ತಿದ್ದೆ. ಹೆಂಡ ಕುಡಿಯಲು ಬಂದಿದ್ದ ನಮ್ಮ ದಾಯಾದಿಯೊಬ್ಬ, ತಂದೆಯನ್ನು ಬೀದಿಯಲ್ಲಿ ಬಿಟ್ಟು ಬಂದವನು ಎಂದು ಗೊಣಗಿದ.

"ಬೀದೀಲಲ್ಲ," ಎಂದಳು ಅಮ್ಮ. "ಮನೇಲಿ ಬಿಟ್ಟವ್ನೆ."

 ಸಾರಿಸಿದ ನೆಲವನ್ನೊಮ್ಮೆ ನೋಡಿದಳು. ಕೈಯೂರಿ ಎದ್ದಳು.

"ಹಂಗಾದ್ರೆ ಮೇಕೆ ಇಲ್ಯಾಕ್ ಇರ್ಬೇಕು? ಬಿಚ್ಚು."

ನಾನು ಬಿಚ್ಚಲಿಲ್ಲ. ಏನು ಹೇಳುತ್ತಿದ್ದಾಳೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳೇ ಹೋಗಿ ಹಗ್ಗ ಬಿಚ್ಚಿ, ಚಾಪೆ ಸುತ್ತಿ ಕಂಕುಳಿಗೆ ಇಟ್ಟುಕೊಂಡು, ತಲೆಯ ಬಟ್ಟೆಯನ್ನು ಹಣೆಯವರೆಗೆ ಎಳೆದುಕೊಂಡಳು. ಮಾವನ ಮನೆಗೆ ಹೋಗುವ ಹೆಣ್ಣು ಹೀಗೆಯೇ ಎಳೆದುಕೊಳ್ಳುವುದು. ಮೇಕೆ ವ್ಯಾನು ಹತ್ತುವುದಿಲ್ಲ ಎಂದು ಹಟ ಹಿಡಿಯಿತು, ವ್ಯಾನಿನವನೂ ಹತ್ತಿಸುವುದಿಲ್ಲ ಎಂದ. ನಡೆದೇ ಹೊರಟಳು. ಬೀದಿಯವರು ಮೊದಲು ಹುಚ್ಚು ಎಂದರು, ಆಮೇಲೆ ಹೆಂಡದ ಮಡಕೆ ಹೊತ್ತು ಹಿಂದೆ ಬಂದರು.

ಹೊತ್ತು ಮುಳುಗುವ ಮುಂಚೆ ಬೇಲಿ ಸಿಕ್ಕಿತು. ಬೇಲಿಯ ಆಚೆ ಎರಡು ಜಿರಾಫೆಗಳು ನಮ್ಮ ಜೊತೆಗೇ ಒಂದಷ್ಟು ದೂರ ನಡೆದವು. ಗೇಟಿನಲ್ಲಿ ಫಾಖತಿ ಸರಪಳಿ ಹಿಡಿದು ನಿಂತಿದ್ದ. ಮೇಕೆ ನೋಡಿದ, ನನ್ನನ್ನು ನೋಡಿದ, ಟೊಪ್ಪಿಗೆ ತೆಗೆದ. ಕೆಲಸ ಉಳಿಯಬೇಕಲ್ಲ, ಆದ್ದರಿಂದ ಕೇಳಬೇಕಾದದ್ದನ್ನು ಕೇಳಿದ.

"ಯಾರನ್ನ ನೋಡಕ್ ಬಂದ್ರಿ ಅವ್ವಾ?"

"ಯಾರ್ನೂ ನೋಡಕ್ಕಲ್ಲ ಕಣಪ್ಪ. ನಾನು ಈ ಹಟ್ಟಿ ಸೊಸೆ, ಮನೆಗ್ ಬಂದಿದೀನಿ. ನಿಮ್ ಧಣಿಗೆ ಹೇಳು, ಊಟಕ್ ಕುಂತೋರ್ಗೆ ನಾನೇನೂ ತೊಂದ್ರೆ ಕೊಡಕ್ಕಿಲ್ಲ. ಸೊಸೆಯಾದೋಳು ದೊಡ್ಡಿ ಒಳಕ್ಕೆ ಕಾಲಿಡ್ಬಾರ್ದು, ಹೊರಗೇ ಕುಂತ್ಕತೀನಿ. ನನ್ ಮಗ ಒಳಗೋಗಿ ಮೇಕೆ ಕುಯ್ತನೆ."

ಫಾಖತಿಯ ಕೈ ಬೀಗದ ಮೇಲಿತ್ತು. ತೆಗೆಯಲೂ ಇಲ್ಲ, ಬಿಡಲೂ ಇಲ್ಲ. ಒಳಗಿನ ಮಣ್ಣಿನ ದಾರಿಯಲ್ಲಿ ಧೂಳು ಎದ್ದಿತು. ನಾಲ್ಗಣ್ಣನ ಗಾಡಿ ಗೇಟಿನವರೆಗೂ ಬಂದು ನಿಂತು ಹಾರನ್ ಹೊಡೆಯತೊಡಗಿತು. ಅಮ್ಮ ದಾರಿ ಬಿಡಲಿಲ್ಲ. ರಸ್ತೆಯ ನಡುವೆ ಚಾಪೆ ಬಿಡಿಸಿ, ಕಾಲು ಮಡಚಿ ಕೂತು, ಮೇಕೆಯ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಳು. ಹಾರನ್ ನಿಲ್ಲಲಿಲ್ಲ. ಅವಳು ಸೊಂಟದ ಗಂಟಿನಿಂದ ನಶ್ಯದ ಡಬ್ಬಿ ತೆಗೆದು, ಹಿರಿಯರಿಗೆಂದು ಒಂದು ಚಿಟಿಕೆ ನೆಲಕ್ಕೆ ಉದುರಿಸಿ, ಇನ್ನೊಂದು ಚಿಟಿಕೆಯನ್ನು ತಾನು ಏರಿಸಿದಳು.